ಇನ್‌ಸ್ಟಾಗ್ರಾಂ: ಪೋಸ್ಟ್, ಸ್ಟೋರಿ, ರೀಲ್ಸ್, ಹೈಲೈಟ್, ಟ್ಯಾಗ್... ಯಾವುದು ಎಷ್ಟೊತ್ತು ಇರತೈತಿ, ಯಾರಿಗೆ ಕಾಣತೈತಿ?

ಗೊಂಬೆಮಳಿಗೆ (ಕೊಪ್ಪಳ):

ಎಲ್ಲಾರಿಗೂ ನಮಸ್ಕಾರ್ರಿ. ಕಿನ್ನಾಳ ಗೊಂಬಿ ಮಾರೋ ಅಂಗಡಿಗೆ ಅಂತ ಇನ್‌ಸ್ಟಾಗ್ರಾಂ ಖಾತೆ ತೆಗೆದೀವಿ. ವಾಟ್ಸಾಪ್, ಫೇಸ್‌ಬುಕ್ ರೂಢಿ ಐತಿ, ಇದರ ಶಬ್ದಗಳು ಮಾತ್ರ ತಲಿಗೆ ಹತ್ತವಲ್ಲವು. ಪೋಸ್ಟಿಗೂ ಸ್ಟೋರಿಗೂ ಏನು ಫರಕು? ಹೈಲೈಟ್ ಅಂದ್ರೇನು? ಟ್ಯಾಗ್, ಮೆನ್ಷನ್, ಹ್ಯಾಷ್‌ಟ್ಯಾಗ್ ಮೂರೂ ಒಂದೇನೋ, ಬ್ಯಾರೆ ಬ್ಯಾರೆನೋ? ಮೊನ್ನೆ ಹಾಕಿದ ಆರು ಫೋಟೋ ಇವತ್ತ ನೋಡಿದ್ರ ಇಲ್ಲ. ಗರುಡನ ಗೊಂಬಿದು ಇನ್ನೊಂದು ಫೋಟೋ ಉಳಿದೈತಿ, ಆದ್ರ ಎರಡೂ ಕಡೆ ರೆಕ್ಕಿ ಕತ್ತರಿಸಿದಂಗ ಕಾಣತೈತಿ. ಬಿಸಿನೆಸ್ ಖಾತೆ ಮಾಡ್ಕೋರಿ ಅಂತ ಆ್ಯಪ್ ಪದೇ ಪದೇ ಕೇಳತೈತಿ, ಅದು ಬೇಕೋ ಬ್ಯಾಡೋ? ತಿಳಿದವರು ಬುಡದಿಂದ ಹೇಳ್ರಿ.

ಗಂಗಾವತಿ_ಕ್ಯಾಮೆರಾ:

ಕಾಣೆಯಾದ ಆರು ಫೋಟೋದಿಂದನ ಶುರು ಮಾಡೋಣ್ರಿ, ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಐತಿ. ಅವನ್ನ ನೀವು ಸ್ಟೋರಿಗೆ ಹಾಕೀರಿ. ಸ್ಟೋರಿ ಅಂದ್ರ ಮ್ಯಾಲಿನ ಸಾಲಿನ್ಯಾಗ ದುಂಡನೆ ಉಂಗುರದಾಗ ಕಾಣೋದು. 24 ತಾಸು ಆದ್ಮ್ಯಾಗ ತಾನ ಹೋಗತೈತಿ, ವಾಟ್ಸಾಪ್ ಸ್ಟೇಟಸ್ ಇದ್ದಂಗ. ಆದ್ರ ಕಳದಿಲ್ಲ. ನಿಮ್ಮ ಪ್ರೊಫೈಲಿಗೆ ಹೋಗಿ ಬಲಗಡೆ ಮ್ಯಾಲಿರೋ ಮೂರು ಗೆರಿ ಒತ್ರಿ, ಆರ್ಕೈವ್ ತೆಗೀರಿ. ಹಳೇ ಸ್ಟೋರಿಗಳು ತಾರೀಕಿನ ಪ್ರಕಾರ ಅಲ್ಲಿ ಕುಂತಿರತಾವ, ನಿಮಗ ಮಾತ್ರ ಕಾಣತಾವ. ಸೆಟ್ಟಿಂಗ್ಸಿನ್ಯಾಗ ಆರ್ಕೈವ್ ಬಂದ್ ಮಾಡಿದ್ರ ಅಷ್ಟ ಅಲ್ಲಿ ಇರಂಗಿಲ್ಲ.

ಆ ಆರ್ಕೈವಿನಿಂದ ಬೇಕಾದ ಸ್ಟೋರಿ ಆರಿಸಿ ಪ್ರೊಫೈಲಿನ್ಯಾಗ ಕಾಯಂ ಆಗಿ ಇಡೋದಕ್ಕ ಹೈಲೈಟ್ ಅಂತಾರ. ಬಯೋ (ಪ್ರೊಫೈಲಿನ್ಯಾಗ ನಿಮ್ಮ ಬಗ್ಗೆ ಬರೆಯೋ ಸಾಲು) ಕೆಳಗ ಸಣ್ಣ ದುಂಡು ಚಿತ್ರಗಳ ಸಾಲು ಕಾಣತೈತಲ್ಲ, ಅದ. ಅಂಗಡಿಗೆ ಇದು ಭಾಳ ಉಪಯೋಗ. ‘ಬೆಲೆ’, ‘ಪಾರ್ಸಲ್’, ‘ಮಾಡೋ ರೀತಿ’ ಅಂತ ಮೂರು ಹೈಲೈಟ್ ಮಾಡಿಟ್ರ, ದಿನಾ ಬರೋ ಅದ ಅದ ಪ್ರಶ್ನೆಗೆ ಜನ ತಾವ ಉತ್ತರ ಹುಡ್ಕೋತಾರ. ಹೆಸರು ಚಿಕ್ಕದಿಡ್ರಿ, ಉದ್ದ ಆದ್ರ ತುದಿ ಕಾಣಂಗಿಲ್ಲ.

ಪೋಸ್ಟ್ ಅಂದ್ರ ನೀವಾಗಿ ತೆಗೆಯೋ ತನಕ ಪ್ರೊಫೈಲಿನ್ಯಾಗ ಇರೋದು. ಮೂರು ಮೂರು ಚಿತ್ರದ ಸಾಲಿಗೆ ಗ್ರಿಡ್ ಅಂತಾರ. ಒಂದ ಪೋಸ್ಟಿನ್ಯಾಗ ಹಲವು ಚಿತ್ರ ಇದ್ದು ಪಕ್ಕಕ್ಕ ಸರಿಸಿ ನೋಡೋದಾದ್ರ ಅದು ಕ್ಯಾರೊಸೆಲ್, ಈಗ 20 ತನಕ ಹಾಕಬಹುದು. ರೀಲ್ಸ್ ಅಂದ್ರ ಫೋನ್ ಉದ್ದಕ್ಕ ಹಿಡದು ನೋಡೋ ವಿಡಿಯೋ, 2020ರಾಗ ಬಂತು. ನಿಮ್ಮನ್ನ ಫಾಲೋ ಮಾಡದವರ ಮುಂದನೂ ಆ್ಯಪ್ ಅದನ್ನ ತಾನ ಒಯ್ದು ತೋರಸತೈತಿ. ನನ್ನ ಲೆಕ್ಕದಾಗ ಇದೊಂದು ತಿಳಿದ್ರ ಉಳಿದದ್ದೆಲ್ಲಾ ಹಗೂರ: ಗುರುತಿಲ್ಲದವರ ಹತ್ರ ಹೋಗಾಕ ರೀಲ್ಸ್, ಈಗಾಗ್ಲೇ ಗುರುತಿದ್ದವರ ಜೋಡಿ ಮಾತಾಡಾಕ ಸ್ಟೋರಿ, ಹೊಸದಾಗಿ ಬಂದವರು ನಿಂತು ನೋಡಾಕ ಗ್ರಿಡ್. ಬರೀ ಸ್ಟೋರಿ ಹಾಕಿ ‘ಯಾರೂ ಹೊಸಬರು ಬರವಲ್ಲರು’ ಅಂದ್ರ ಹೆಂಗ ಬರಬೇಕ್ರಿ?

ಇನ್ನ ಗರುಡನ ರೆಕ್ಕಿ. ಗ್ರಿಡ್ಡಿನ ಪ್ರತಿ ಚೌಕ ಈಗ 3:4, ಅಂದ್ರ ಅಗಲ ಕಮ್ಮಿ, ಎತ್ತರ ಹೆಚ್ಚು. ಶುರುವಿನ್ಯಾಗ ಎಲ್ಲಾ 1:1 ಚೌಕ ಇತ್ತು, 2025ರಾಗ ಬದಲಾತು. ನೀವು ಫೋನ್ ಅಡ್ಡ ಹಿಡದು ತೆಗದ ಫೋಟೋ ಆ ಉದ್ದನೆ ಚೌಕದಾಗ ಹಿಡ್ಯಂಗಿಲ್ಲ, ಹಂಗಾಗಿ ಎರಡೂ ಬದಿ ಹೋಗತಾವ. ಫೋಟೋ ಒತ್ತಿ ತೆಗದ್ರ ರೆಕ್ಕಿ ಪೂರ್ತಿ ಇರತಾವ, ನೋಡ್ರಿ. ಮುಂದ ತೆಗೆಯೋವಾಗ ಕ್ಯಾಮೆರಾ ಆ್ಯಪಿನ್ಯಾಗ 3:4 ಇಡ್ರಿ, ಫೋನ್ ಉದ್ದಕ್ಕ ಹಿಡೀರಿ, ರೆಕ್ಕಿ ತುದಿಯಿಂದ ಅಂಚಿಗೆ ಒಂದು ಬೆರಳಷ್ಟು ಜಾಗ ಬಿಡ್ರಿ. 9:16 ಅಂತ ಫುಲ್ ಸ್ಕ್ರೀನ್ ಇಟ್ಟು ತೆಗದ್ರ ಪೋಸ್ಟಿನ್ಯಾಗ ಕಿರೀಟ, ಪೀಠ ಎರಡೂ ಹೋಗತಾವ. 9:16 ಸ್ಟೋರಿಗೆ, ರೀಲ್ಸಿಗೆ ಮಾತ್ರ.

ಕಿನ್ನಾಳ ಗೊಂಬಿಗೆ ಅಂತ ಒಂದು ಮಾತು ಹೇಳಬೇಕು. ತವರದ ಲಾಜವಾರ ಲೇಪ ಹಚ್ಚಿದ ಒಡವಿ ಭಾಗ ಫ್ಲ್ಯಾಷ್ ಬಿದ್ರ ಬೆಳ್ಳಗ ಸುಟ್ಟಂಗ ಬರತೈತಿ, ಕಣ್ಣಿನ ಗೆರಿ ಸೈತ ಮಸಕಾಗತೈತಿ. ಫ್ಲ್ಯಾಷ್ ಬಂದ್ ಮಾಡಿ, ಮುಂಜಾನೆ ಬಾಗಿಲ ಹತ್ರ ಬಿಸಿಲು ನೇರ ಬೀಳದ ಜಾಗದಾಗ ಇಡ್ರಿ. ಹಿಂದ ಬೂದಿ ಬಣ್ಣದ ಅರಿವಿ ಹಾಕ್ರಿ. ಪರದಿ ಮ್ಯಾಲೆ ಗೊಂಬಿ ಮುಖದ ಹತ್ರ ಬೆರಳು ಒತ್ತಿ ಹಿಡದ್ರ ಫೋಕಸ್ ಅಲ್ಲೇ ನಿಲ್ಲತೈತಿ. ಪಕ್ಕದಾಗ ಸೂರ್ಯನ ಗುರ್ತು ಬರತೈತಿ, ಅದನ್ನ ಸ್ವಲ್ಪ ಕೆಳಗ ಎಳೀರಿ. ಕೆಂಪು, ಹಳದಿ ಇದ್ದ ಬಣ್ಣಕ್ಕ ಬರತಾವ. ಆ್ಯಪಿನ ಫಿಲ್ಟರ್ ಮಾತ್ರ ಹಾಕಬ್ಯಾಡ್ರಿ. ಫೋಟೋದಾಗಿನ ಬಣ್ಣ ಒಂದು, ಪಾರ್ಸಲ್ ಬಿಚ್ಚಿದಾಗಿನ ಬಣ್ಣ ಒಂದು ಆದ್ರ ಗಿರಾಕಿ ವಾಪಸ್ ಕಳಸ್ತಾರ.

ವಾಟ್ಸಾಪಿನ್ಯಾಗ ಬಂದ ಫೋಟೋ ಎತ್ತಿ ಹಾಕಾಕ ಹೋಗಬ್ಯಾಡ್ರಿ, ಅದು ಮೊದಲ ಕುಗ್ಗಿರತೈತಿ. ಕಲಾವಿದರ ಕಡೆಯಿಂದ ತರಸೋದಾದ್ರ ಡಾಕ್ಯುಮೆಂಟ್ ಮಾಡಿ ಕಳಸಾಕ ಹೇಳ್ರಿ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸಿನ ಮೀಡಿಯಾ ಕ್ವಾಲಿಟಿಯೊಳಗ ಹೆಚ್ಚಿನ ಗುಣಮಟ್ಟದಾಗ ಅಪ್‌ಲೋಡ್ ಮಾಡೋ ಬಟನ್ ಐತಿ, ಅದನ್ನೂ ಚಾಲೂ ಮಾಡ್ರಿ.

ಬಳ್ಳಾರಿ_ಬರಹ:

ಮೇಲಿನವರು ಚಿತ್ರದ ವಿಷಯ ಚೆನ್ನಾಗಿ ಹೇಳಿದ್ದಾರೆ. ಹೆಸರು ಮತ್ತು ಹುಡುಕಾಟದ ಕಡೆ ನಾನು ಬರ್ತೀನಿ.

ನಿಮ್ಮ ಪ್ರೊಫೈಲ್‌ನಲ್ಲಿ ಎರಡು ಹೆಸರು ಇರುತ್ತವೆ, ಬಹಳ ಜನ ಇದನ್ನು ಗಮನಿಸುವುದಿಲ್ಲ. ಒಂದು ಯೂಸರ್‌ನೇಮ್. ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕೆ, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತೆ, 30 ಅಕ್ಷರ ದಾಟುವಂತಿಲ್ಲ. ಇನ್ನೊಂದು ನೇಮ್. ಇದನ್ನು ಕನ್ನಡದಲ್ಲೇ ಬರೆಯಬಹುದು, ಹುಡುಕಿದಾಗ ಇದೂ ಲೆಕ್ಕಕ್ಕೆ ಬರುತ್ತೆ. ಬರೀ ಅಂಗಡಿ ಹೆಸರು ಹಾಕಬೇಡಿ, ‘ಕಿನ್ನಾಳ ಗೊಂಬೆ, ಕೊಪ್ಪಳ’ ಅಂತ ಸೇರಿಸಿ. ನೇಮ್ ಅನ್ನು 14 ದಿನದೊಳಗೆ ಎರಡು ಸಲ ಮಾತ್ರ ಬದಲಿಸಬಹುದು, ಆದ್ದರಿಂದ ಕಾಗುಣಿತ ನೋಡಿಕೊಂಡು ಹಾಕಿ. ಬಯೋಗೆ 150 ಅಕ್ಷರ ಅಷ್ಟೇ ಜಾಗ: ಏನು ಮಾರ್ತೀರಿ, ಎಲ್ಲಿದ್ದೀರಿ, ಆರ್ಡರ್ ಹೇಗೆ ಕೊಡಬೇಕು, ಇಷ್ಟಿದ್ದರೆ ಸಾಕು. ಕಿನ್ನಾಳ ಗೊಂಬೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇದೆ, ಆ ಒಂದು ಪದಕ್ಕೂ ಜಾಗ ಮಾಡಿ.

ಟ್ಯಾಗ್, ಮೆನ್ಷನ್, ಹ್ಯಾಷ್‌ಟ್ಯಾಗ್ ಮೂರೂ ಬೇರೆ ಬೇರೆ. ಫೋಟೋ ಮೇಲೆಯೇ ಒಬ್ಬರ ಖಾತೆಯನ್ನು ಅಂಟಿಸುವುದು ಟ್ಯಾಗ್. ಅವರು ತಡೆ ಹಾಕಿರದಿದ್ದರೆ ನಿಮ್ಮ ಪೋಸ್ಟ್ ಅವರ ಪ್ರೊಫೈಲ್‌ನ ಟ್ಯಾಗ್ ವಿಭಾಗದಲ್ಲೂ ಕಾಣುತ್ತೆ. ಕ್ಯಾಪ್ಷನ್‌ನಲ್ಲೋ (ಫೋಟೋ ಜೊತೆ ನೀವು ಬರೆಯುವ ಸಾಲು) ಕಾಮೆಂಟ್‌ನಲ್ಲೋ @ ಹಾಕಿ ಹೆಸರು ಬರೆಯುವುದು ಮೆನ್ಷನ್. ಅವರಿಗೆ ಸೂಚನೆ ಹೋಗುತ್ತೆ, ಪ್ರೊಫೈಲ್‌ನಲ್ಲಿ ಏನೂ ಸೇರುವುದಿಲ್ಲ. ಸ್ಟೋರಿಯಲ್ಲಿ ಮೆನ್ಷನ್ ಮಾಡಿದರೆ ಅವರು ಅದನ್ನು ತಮ್ಮ ಸ್ಟೋರಿಗೂ ಹಾಕಿಕೊಳ್ಳಬಹುದು. ಗೊಂಬೆ ಕೆತ್ತಿದ ಚಿತ್ರಗಾರರ ಖಾತೆ ಇದ್ದರೆ ಪೋಸ್ಟ್ ಹಾಕುವಾಗಲೇ ಅವರನ್ನು ಕೊಲ್ಯಾಬರೇಟರ್ ಆಗಿ ಕರೆಯಿರಿ, ಅವರು ಒಪ್ಪಿದರೆ ಅದೇ ಪೋಸ್ಟ್ ಇಬ್ಬರ ಪ್ರೊಫೈಲ್‌ನಲ್ಲೂ ಬರುತ್ತೆ. ಕೈ ಕೆಲಸ ಮಾಡಿದವರ ಹೆಸರು ಪಕ್ಕದಲ್ಲಿ ಇರಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹ್ಯಾಷ್‌ಟ್ಯಾಗ್ ಅಂದರೆ ವಿಷಯದ ಗುರುತು. ನಡುವೆ ಜಾಗ ಬಿಟ್ಟರೆ ಅಲ್ಲಿಗೇ ಮುಗಿಯಿತು: #ಕಿನ್ನಾಳ ಗೊಂಬೆ ಅಂತ ಬರೆದರೆ ‘ಕಿನ್ನಾಳ’ ಮಾತ್ರ ಹ್ಯಾಷ್‌ಟ್ಯಾಗ್ ಆಗುತ್ತೆ, #ಕಿನ್ನಾಳಗೊಂಬೆ ಅಂತ ಕೂಡಿಸಿ ಬರೆಯಬೇಕು. ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಕೆಲವರು ಎರಡು ಎನ್ ಹಾಕಿ ಬರೆದರೆ ಇನ್ನು ಕೆಲವರು ನಡುವೆ ಎಚ್ ಹಾಕುತ್ತಾರೆ, ಹುಡುಕುವವರೂ ಹಾಗೇ. ಎರಡನ್ನೂ ಹಾಕಿ, ಕನ್ನಡದ್ದೊಂದು ಹಾಕಿ, ಕೊಪ್ಪಳದ್ದೊಂದು ಹಾಕಿ. ಮೂವತ್ತು ತುಂಬಿಸಿ ಅನ್ನುವ ಹಳೇ ಸಲಹೆಯನ್ನು ಬಿಟ್ಟುಬಿಡಿ. ಹ್ಯಾಷ್‌ಟ್ಯಾಗ್ ಫಾಲೋ ಮಾಡುವ ಸೌಲಭ್ಯವನ್ನೇ 2024ರ ಕೊನೆಗೆ ತೆಗೆದಿದ್ದಾರೆ. ಅದಕ್ಕಿಂತ ಕ್ಯಾಪ್ಷನ್‌ನ ಮೊದಲ ಸಾಲಿನಲ್ಲಿ ‘ಹಗುರ ಮರದಲ್ಲಿ ಕೆತ್ತಿದ 10 ಇಂಚಿನ ಗರುಡ’ ಅಂತ ವಸ್ತುವಿನ ಹೆಸರು, ಅಳತೆ ಬರೆಯುವುದು ಮೇಲು. ಫೀಡ್‌ನಲ್ಲಿ (ಆ್ಯಪ್ ತೆರೆದಾಗ ಸಾಲಾಗಿ ಬರುವ ಪೋಸ್ಟ್‌ಗಳಲ್ಲಿ) ಮೊದಲ ಒಂದೆರಡು ಸಾಲು ಮಾತ್ರ ಕಾಣುತ್ತೆ, ಉಳಿದದ್ದನ್ನು ಒತ್ತಿದರೆ ತೆರೆಯುತ್ತೆ.

ಕ್ಯಾಪ್ಷನ್‌ನಲ್ಲಿ ಲಿಂಕ್ ಹಾಕಿದರೆ ಅದು ಒತ್ತಲು ಬರುವುದಿಲ್ಲ, ಬರೀ ಅಕ್ಷರ. ಲಿಂಕ್ ಕೆಲಸ ಮಾಡುವುದು ಬಯೋದಲ್ಲಿ, ಸ್ಟೋರಿಯ ಲಿಂಕ್ ಸ್ಟಿಕ್ಕರ್‌ನಲ್ಲಿ. ಪೋಸ್ಟ್ ಹಾಕಿದ ಮೇಲೆ ಕ್ಯಾಪ್ಷನ್, ಸ್ಥಳ, ಟ್ಯಾಗ್ ತಿದ್ದಬಹುದು, ಒಂದು ಫೋಟೋ ತೆಗೆದು ಅದೇ ಜಾಗಕ್ಕೆ ಬೇರೆ ಫೋಟೋ ಕೂರಿಸಲು ಆಗುವುದಿಲ್ಲ. ಗೊಂಬೆ ಮಾರಾಟವಾಗಿ ಹೋಗಿದ್ದರೆ ಡಿಲೀಟ್ ಮಾಡಬೇಡಿ, ಆರ್ಕೈವ್ ಮಾಡಿ. ಲೈಕ್, ಕಾಮೆಂಟ್ ಸಮೇತ ಮತ್ತೆ ಯಾವಾಗ ಬೇಕಾದರೂ ಹೊರಗೆ ತರಬಹುದು. ಕೈತಪ್ಪಿ ಡಿಲೀಟ್ ಆದ ಪೋಸ್ಟ್ 30 ದಿನ ರೀಸೆಂಟ್ಲಿ ಡಿಲೀಟೆಡ್‌ನಲ್ಲಿ ಇರುತ್ತೆ.

ಗೊಂಬೆಮಳಿಗೆ (ಕೊಪ್ಪಳ):

ಭಾಳ ಉಪಕಾರ ಆತ್ರಿ ಇಬ್ಬರದೂ. ಆರ್ಕೈವಿನ್ಯಾಗ ಆರೂ ಫೋಟೋ ಸಿಕ್ಕವು. ಬಿಸಿನೆಸ್ ಖಾತೆದು ಉಳೀತು. ಮತ್ತ ಇಬ್ಬರು ಗಿರಾಕಿ ‘ಮೆಸೇಜ್ ಮಾಡಿದ್ವಿ, ಉತ್ತರ ಇಲ್ಲ’ ಅಂತ ಫೋನ್ ಮಾಡಿದ್ರು. ನಮಗ ಮೆಸೇಜ್ ಬಂದ ಇಲ್ಲ, ಯಾಕಿರಬಹುದು?

ರಾಯಚೂರು_ಅಕ್ಷರ:

ಮೆಸೇಜ್ ಬಂದಾವ್ರಿ, ಬ್ಯಾರೆ ಕೋಣ್ಯಾಗ ಅದಾವ. ನೀವು ಫಾಲೋ ಮಾಡದವರು ಬರದದ್ದು ಡಿಎಂ (ಖಾಸಗಿ ಮೆಸೇಜ್) ಪಟ್ಟಿಗೆ ನೇರ ಬರಂಗಿಲ್ಲ, ಮೆಸೇಜ್ ಪರದಿ ಮ್ಯಾಲೆ ರಿಕ್ವೆಸ್ಟ್ಸ್ ಅಂತ ಐತಿ, ಅದರಾಗ ಇರತಾವ. ಅದನ್ನ ಒತ್ತಿ ಕೆಳತನಕ ಹೋದ್ರ ಹಿಡನ್ ರಿಕ್ವೆಸ್ಟ್ಸ್ ಅಂತ ಇನ್ನೊಂದು ಐತಿ. ದಿನಾ ಒಮ್ಮೆ ಎರಡನ್ನೂ ನೋಡ್ರಿ. ತೆರೆದು ಓದಿದ್ರ ಅವರಿಗೆ ಗೊತ್ತಾಗಂಗಿಲ್ಲ, ಅಕ್ಸೆಪ್ಟ್ ಮಾಡಿದ ಮ್ಯಾಲೆನ ಗೊತ್ತಾಗತೈತಿ.

ಬಿಸಿನೆಸ್ ಖಾತೆ ಮಾಡ್ಕೋರಿ, ರೊಕ್ಕ ಕೊಡಬೇಕಾಗಿಲ್ಲ. ಫೋನ್, ವಿಳಾಸದ ಬಟನ್ ಬರತೈತಿ, ಇನ್‌ಸೈಟ್ಸ್ ಸಿಗತೈತಿ. ಎಷ್ಟು ಮಂದಿ ನೋಡಿದ್ರು, ಅದರಾಗ ಫಾಲೋ ಮಾಡದವರು ಎಷ್ಟು, ಎಷ್ಟು ಮಂದಿ ಸೇವ್ ಮಾಡಿದ್ರು, ಎಷ್ಟು ಮಂದಿ ಕಾಗದದ ವಿಮಾನದ ಗುರ್ತು ಒತ್ತಿ ಇನ್ನೊಬ್ಬರಿಗೆ ಕಳಿಸಿದ್ರು ಅನ್ನೋದು ಅಲ್ಲಿ ಬರತೈತಿ. ಲೈಕ್ ನೋಡ್ಕೋತ ಕೂಡಬ್ಯಾಡ್ರಿ. ಹೊಸ ಮಂದಿಗೆ ಮುಟ್ಟಾಕ ಲೈಕಿಗಿಂತ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಕ್ಕ ತೂಕ ಹೆಚ್ಚು ಅಂತ ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸ್ಸೆರಿ 2025ರಾಗ ಹೇಳ್ಯಾರ.

ಎರಡು ತೊಡಕು ಅದಾವ. ಬಿಸಿನೆಸ್ ಖಾತೆನ ಪ್ರೈವೇಟ್ ಮಾಡಾಕ ಬರಂಗಿಲ್ಲ. ಅಂಗಡಿಗೆ ಅದೇನೂ ನಷ್ಟ ಅಲ್ಲ, ಮನಿ ಮಕ್ಕಳ ಫೋಟೋಕ್ಕ ಬ್ಯಾರೆ ಖಾತೆ ಇಟ್ಕೋರಿ. ಇನ್ನೊಂದು, ಸಿನಿಮಾ ಹಾಡು ಭಾಳಷ್ಟು ಸಿಗಂಗಿಲ್ಲ, ಹಕ್ಕಿನ ಕಾರಣಕ್ಕ. ನಿಮಗ ಹಾಡು ಯಾಕ ಬೇಕ್ರಿ? ಉಳಿ ಮರ ಸವರೋ ಸಪ್ಪಳ, ಹುಣಸಿ ಬೀಜದ ಅಂಟು ಕಲಿಸೋ ಸಪ್ಪಳ ಹಂಗ ಇರ್ಲಿ. 20 ಸೆಕೆಂಡಿನ ರೀಲ್ಸಿನ್ಯಾಗ ಮೊದಲ ಮೂರು ಸೆಕೆಂಡು ಗೊಂಬಿ ಕಣ್ಣು ಬರೆಯೋ ಕುಂಚ ಹತ್ರದಿಂದ ತೋರಸ್ರಿ, ಆಮ್ಯಾಲೆ ಪೂರ್ತಿ ಗೊಂಬಿ. ಅಕ್ಷರ ಹಾಕೋದಾದ್ರ ನಡುವಿನ್ಯಾಗ ಹಾಕ್ರಿ. ಕೆಳಗ ಹಾಕಿದ್ರ ಖಾತೆ ಹೆಸರು, ಕ್ಯಾಪ್ಷನ್ ಅದನ್ನ ಮುಚ್ಚತಾವ, ಬಲಕ್ಕ ಹಾಕಿದ್ರ ಲೈಕ್, ಶೇರ್ ಬಟನ್ ಮುಚ್ಚತಾವ.

ಅಂಗಡಿ ಖಾತೆ ಅಂದ್ಮ್ಯಾಗ ಕಳ್ಳರೂ ಬರತಾರ, ಈಗಲೇ ಭದ್ರ ಮಾಡ್ಕೋರಿ. ‘ಕಾಪಿರೈಟ್ ತಪ್ಪೈತಿ, 24 ತಾಸಿನ್ಯಾಗ ಈ ಲಿಂಕ್ ಒತ್ತಿರಿ’ ಅಂತ ಇನ್‌ಸ್ಟಾಗ್ರಾಂ ಹೆಸರಿಲೆ ಡಿಎಂ ಬಂದ್ರ ಅದು ಮೋಸ. ಕಂಪನಿ ಕಳಿಸಿದ ಇಮೇಲ್ ಖರೇನೋ ಸುಳ್ಳೋ ನೋಡಾಕ ಸೆಟ್ಟಿಂಗ್ಸಿನ್ಯಾಗಿನ ಅಕೌಂಟ್ಸ್ ಸೆಂಟರಿನ ಪಾಸ್‌ವರ್ಡ್ ಅಂಡ್ ಸೆಕ್ಯುರಿಟಿಯೊಳಗ ರೀಸೆಂಟ್ ಇಮೇಲ್ಸ್ ತೆಗೀರಿ, ಅಲ್ಲಿ ಇಲ್ಲದ್ದು ಅವರದಲ್ಲ. ಗಿರಾಕಿ ಅಂತ ಹೇಳಿ ‘ಮುಂಗಡ ಕಳಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ’ ಅಂದ್ರ ಮಾಡಬ್ಯಾಡ್ರಿ, ಯುಪಿಐಯಾಗ ರೊಕ್ಕ ತಗೋಳಾಕ ಪಿನ್ ಬೇಕಾಗಂಗಿಲ್ಲ.

ಅದ ಪಾಸ್‌ವರ್ಡ್ ಪುಟದಾಗ ಟೂ ಫ್ಯಾಕ್ಟರ್ (ಪಾಸ್‌ವರ್ಡ್ ಜೋಡಿ ಇನ್ನೊಂದು ಕೋಡ್ ಕೇಳೋದು) ಐತಿ, ಇವತ್ತ ಚಾಲೂ ಮಾಡ್ರಿ. ಎಸ್ಸೆಮ್ಮೆಸ್ಸಿಗಿಂತ ಅಥೆಂಟಿಕೇಟರ್ ಆ್ಯಪ್ ಚಲೋ, ನೆಟ್ವರ್ಕ್ ಇಲ್ಲದಾಗೂ ಕೋಡ್ ಬರತೈತಿ. ಅದು ಮುಗಿದ ಮ್ಯಾಲೆ ಬ್ಯಾಕಪ್ ಕೋಡ್ ಅಂತ ಅಂಕಿಗಳ ಪಟ್ಟಿ ಸಿಗತೈತಿ. ಅದನ್ನ ಫೋನಿನ್ಯಾಗ ಸ್ಕ್ರೀನ್‌ಶಾಟ್ ಇಟ್ರ ಫೋನ್ ಕಳದ ದಿನ ಅದೂ ಹೋಗತೈತಿ. ಪೆನ್ನಿಲೆ ಬರದು ಅಂಗಡಿ ಲೆಕ್ಕದ ಪುಸ್ತಕದ ಜೋಡಿ ಗಲ್ಲಾಪೆಟ್ಟಿಗೆಯೊಳಗ ಇಡ್ರಿ.