ಸಹಾಯ ಬೇಕು: ತೇವ ಹಿಡಿದ ಐಸಿ (ಎಲೆಕ್ಟ್ರಾನಿಕ್ ಚಿಪ್) ರೀಲುಗಳನ್ನು ಉಳಿಸಬೇಕು

ಕಾರವಾರದ ಗೋದಾಮಿನಲ್ಲಿ ಎಂಎಸ್‌ಎಲ್ 3 ದರ್ಜೆಯ (ತೇವಕ್ಕೆ ಎಷ್ಟು ಸೂಕ್ಷ್ಮ ಎಂಬ ಶ್ರೇಣಿ) 14 ರೀಲುಗಳ ತೇವನಿರೋಧಕ ಚೀಲಗಳು ಹರಿದಿವೆ. ತೇವಸೂಚಕ ಕಾರ್ಡಿನಲ್ಲಿ ಶೇ. 5, ಶೇ. 10 ಆರ್ದ್ರತೆಯ ಎರಡೂ ಚುಕ್ಕಿಗಳು ಗುಲಾಬಿಗೆ ತಿರುಗಿವೆ, ಅಂದರೆ ಒಳಗೆ ತೇವ ಹೊಕ್ಕಿದೆ. ಚೀಲ ತೆರೆದ ಮೇಲೆ ಇವನ್ನು ಬೆಸುಗೆ ಹಾಕಲು 168 ಗಂಟೆಯಷ್ಟೇ ಗಡುವು, ಅದೂ 30 ಡಿಗ್ರಿ, ಶೇ. 60 ಆರ್ದ್ರತೆಯೊಳಗೆ, ಕರಾವಳಿಯ ಮಳೆಗಾಲಕ್ಕೆ ಆ ಲೆಕ್ಕ ಹೊಂದುವುದಿಲ್ಲ. ಹೀಗೇ ಬೆಸುಗೆಗೆ ಹೋದರೆ ಒಳಗಿನ ತೇವ ಆವಿಯಾಗಿ ಐಸಿ ಬಿರಿಯಬಹುದು. 125 ಡಿಗ್ರಿಯಲ್ಲಿ ಒಣಗಿಸಿದರೆ ರೀಲಿನ ಪ್ಲಾಸ್ಟಿಕ್ ಪಟ್ಟಿ ಸೊಟ್ಟಾಗುತ್ತದೆ. ಒಳ್ಳೆಯ ಮಾಲು, ಇ-ತ್ಯಾಜ್ಯಕ್ಕೆ ಹಾಕಲು ಮನಸ್ಸೇ ಬಾರದು.

40 ಡಿಗ್ರಿ, ಶೇ. 5ರೊಳಗಿನ ಆರ್ದ್ರತೆಯಲ್ಲಿ ದಿನಗಟ್ಟಲೆ ಒಣಗಿಸುವ ಡ್ರೈ ಕ್ಯಾಬಿನೆಟ್ ಕುಮಟಾ, ಶಿರಸಿ, ಹುಬ್ಬಳ್ಳಿ ಕಡೆ ಯಾರ ಹತ್ತಿರವಾದರೂ ಇದೆಯೇ? ಬಾಡಿಗೆ ಕೊಡುತ್ತೇವೆ. ತೂತಿಲ್ಲದ ಬೇರೆ ಹಳೇ ಅಲ್ಯೂಮಿನಿಯಂ ಚೀಲಗಳಿಗೆ ಮತ್ತೆ ನಿರ್ವಾತ ಸೀಲ್ ಹಾಕಿಕೊಡುವವರಿದ್ದರೂ ತಿಳಿಸಿ.