ದಟ್ಟಗಳ್ಳಿ ಮನೆಯ ಬೆಲೆ ವಿಚಾರ: ಸ್ಮಿತಾಳಿಗೆ ದೊಡ್ಡಪ್ಪನ ಉತ್ತರ

ಸ್ಮಿತಾ, ನೀನು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ್ದನ್ನು ಬೆಳಿಗ್ಗೆ ನೋಡಿದೆ. ಮೈಸೂರಿನ ದಟ್ಟಗಳ್ಳಿಯ ಆ 30–40 ಅಡಿ ಸೈಟಿನ ಮನೆಗೆ ಹೇಳುತ್ತಿರುವ ಬೆಲೆ ಸುತ್ತಮುತ್ತಲಿನ ಮನೆಗಳಿಗೆ ಹೋಲಿಸಿದರೆ ನ್ಯಾಯವೇ, ಹಿಂದಿನ ರಸ್ತೆಯ ಮನೆ ಇದಕ್ಕಿಂತ ಹೆಚ್ಚಿಗೇ ಹೋಯಿತು ಎಂದು ಬ್ರೋಕರ್ ಹೇಳುತ್ತಾನೆ, ನಂಬಬಹುದೇ, ಶುಕ್ರವಾರ ಅಡ್ವಾನ್ಸ್ ಕೊಡಬೇಕು, ಭಯವಾಗುತ್ತಿದೆ. ಇಷ್ಟೇ ತಾನೇ? ಉದ್ದವಾಗುತ್ತದೆ, ಆದರೂ ಪೂರ್ತಿ ಕೇಳು. ನಿನ್ನ ಚಿಕ್ಕಮ್ಮನ ಹಾಗೆ ಅರ್ಧಕ್ಕೆ ನಿಲ್ಲಿಸಿ ಹೆಬ್ಬೆರಳಿನ ಚಿತ್ರ ಒತ್ತಬೇಡ.

ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂದು ಕೇಳಿ ಸುಮ್ಮನಾಗಬೇಡ. ಯಾರು ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳು.

ಮಂಡ್ಯದ ಸುಭಾಷ್‌ನಗರದ ಮನೆಯ ಕಥೆ ನಿಮಗೆಲ್ಲ ಗೊತ್ತೇ ಇದೆ. ಅಮ್ಮನ ವರ್ಷದ ಕಾರ್ಯ ಮುಗಿದ ಮೇಲೆ ಮಾರುವುದೆಂದು ತೀರ್ಮಾನವಾಯಿತು. ಬ್ರೋಕರ್ ಒಬ್ಬ ಬಂದ. ಬಿಳಿ ಪ್ಯಾಂಟು, ಕಂಕುಳಲ್ಲಿ ರೆಕ್ಸಿನ್ ಚೀಲ, ಮಾತೆಲ್ಲ ಬೆಣ್ಣೆ. ಕಾಫಿ ಕುಡಿದು, ಚೀಲದಿಂದ ಒಂದು ಕ್ರಯಪತ್ರದ ಜೆರಾಕ್ಸ್ ತೆಗೆದು ಹಜಾರದ ಮೇಜಿನ ಮೇಲೆ ಹರಡಿದ. ನಮ್ಮದೇ ಸಾಲಿನಲ್ಲಿ ಎರಡು ಮನೆ ಆಚೆ, ಅಷ್ಟೇ ಅಳತೆಯ ಸೈಟು, ಅದೇ ಪೂರ್ವದ ಬಾಗಿಲು. ಮೊತ್ತದ ಮೇಲೆ ಬೆರಳಿಟ್ಟು, "ಸಾರ್, ನಿಮ್ಮ ಬೀದಿಯ ರೇಟು ಇದು, ನಾನು ಹೇಳಿದ್ದಲ್ಲ, ಸರ್ಕಾರದ ಕಾಗದವೇ ಹೇಳುತ್ತಿದೆ" ಎಂದ. ನಾವು ಅಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ನಿನ್ನ ಅಪ್ಪನ ಮುಖ ಬಾಡಿಹೋಯಿತು.

ನಾನು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದಿದೆ. ಬರೆದುಕೊಟ್ಟವರ ಹೆಸರು, ಬಿನ್ ಇಂಥವರು. ಬರೆಸಿಕೊಂಡವರ ಹೆಸರು, ಬಿನ್ ಅದೇ ಇಂಥವರು! ಅಣ್ಣ ತಮ್ಮನಿಗೆ ಬರೆದುಕೊಟ್ಟ ಕ್ರಯ ಅದು. ತಾಯಿಯನ್ನು ಕೊನೆಯವರೆಗೆ ನೋಡಿಕೊಂಡ ತಮ್ಮನಿಗೆ ಅಣ್ಣ ಬಿಟ್ಟುಕೊಟ್ಟ ಬೆಲೆಯನ್ನು ಈ ಆಸಾಮಿ ಇಡೀ ಬೀದಿಯ ರೇಟು ಮಾಡಿಬಿಟ್ಟಿದ್ದ. ಕೇಳಿದರೆ, "ಓ, ಅದನ್ನು ನಾನು ಗಮನಿಸಿರಲಿಲ್ಲ ಸಾರ್" ಎಂದು ನಕ್ಕ. ಮಾರುವವರಾದ ನಮಗೆ ಇಳಿಸುವ ಕಾಗದ ತೋರಿಸಿದ. ಕೊಳ್ಳುವವಳಾದ ನಿನಗೆ ಏರಿಸುವ ಕಾಗದ ತೋರಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಕಾಗದದಲ್ಲಿರುವ ಮೊತ್ತವೂ ಕೈಬದಲಾದ ಹಣವೂ ಒಂದೇ ಎಂದು ತಿಳಿಯಬೇಡ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವಂತೂ 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು 2 ಆಗಿದೆ. ಇದನ್ನು ಉಳಿಸಲು ಎಷ್ಟೋ ಜನ ಮಾರ್ಗಸೂಚಿ ದರದ, ಅಂದರೆ ಆ ಜಾಗಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಯ, ಹತ್ತಿರಕ್ಕೆ ತೋರಿಸಿ, ಮಿಕ್ಕಿದ್ದನ್ನು ಕೈಗೆ ಕೊಟ್ಟು ಮುಗಿಸುತ್ತಾರೆ. ನೀವು ಹಾಗೆ ಮಾಡಬೇಡಿ, ನಾಳೆ ಆದಾಯ ತೆರಿಗೆಯವರಿಗೆ ಉತ್ತರ ಕೊಡುವವರು ಯಾರು? ಅದಕ್ಕೇ ಮತ್ತೆ ಹೇಳುತ್ತೇನೆ, ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂಬುದೊಂದನ್ನೇ ಹಿಡಿದುಕೊಳ್ಳಬೇಡ. ಯಾರು ಯಾರಿಗೆ, ಯಾಕೆ ಕೊಟ್ಟರು ಎಂದು ಕೇಳು.

ಮಂಡ್ಯದ ಮನೆಯ ಆ ಕಾಗದವನ್ನು ನಾನು ಇಷ್ಟೆಲ್ಲ ಓದಿ ತೋರಿಸಿದೆನಲ್ಲ, ಮನೆಯವರಲ್ಲಿ ಕೇಳಿದವರು ಯಾರು? "ಅಣ್ಣ, ನಿಮಗೆ ಎಲ್ಲದರಲ್ಲೂ ಅನುಮಾನ" ಎಂದರು. ಬೆಂಗಳೂರಿನಿಂದ ಬಂದವರಿಗೆ ಸಂಜೆಯೊಳಗೆ ವಾಪಸ್ ಹೋಗಬೇಕಿತ್ತು. ನನ್ನ ಸಹಿ ಬೇಕಾಯಿತು, ನನ್ನ ಮಾತು ಬೇಡವಾಯಿತು. ಹೋಗಲಿ ಬಿಡು, ದುಡ್ಡಿನ ಮಾತು ಬೇಡ. ಆದರೆ ಬಚ್ಚಲುಮನೆಯ ತಾಮ್ರದ ಹಂಡೆ? ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಯಿಸುತ್ತಿದ್ದ ಹಂಡೆ ಅದು. ಅದನ್ನು ಹಿರಿಯ ಮಗನಿಗೆ ಕೊಡಬೇಕೆಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಈಗ ಯಾರದೋ ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದರೊಳಗೆ ಮನಿಪ್ಲಾಂಟ್ ಬೆಳೆಯುತ್ತಿದೆ. ಫೋಟೋವನ್ನು ಇದೇ ಗುಂಪಿನಲ್ಲಿ ಹಾಕಿದ್ದರು, ನಾನು ನೋಡಿಯೂ ನೋಡದವನಂತೆ ಇದ್ದೆ. ಯಾರೆಂದು ಹೇಳುವುದಿಲ್ಲ, ಅವರೂ ಇದನ್ನು ಕೇಳುತ್ತಿರುತ್ತಾರೆ.

ಅಯ್ಯೋ, ನೀನು ಕೇಳಿದ್ದಕ್ಕೆ ಇನ್ನೂ ಬರಲೇ ಇಲ್ಲ. ಶುಕ್ರವಾರದ ಮಾತು ಬಿಡು, ಅಡ್ವಾನ್ಸ್ ಒಂದು ವಾರ ಮುಂದಕ್ಕೆ ಹಾಕಿಸು. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ. ಆ ಹಿಂದಿನ ರಸ್ತೆಯ ಮನೆಯ ನಂಬರ್ ಕೇಳಿಕೊಂಡು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅದರ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ, ತೆಗೆಸಿ. ಕ್ರಯವೋ ದಾನಪತ್ರವೋ ಹಕ್ಕು ಬಿಡುಗಡೆಯೋ, ಯಾವ ತಾರೀಖು, ಯಾರಿಂದ ಯಾರಿಗೆ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಮಾರ್ಗಸೂಚಿ ದರವೂ ಅಲ್ಲೇ ಸಿಗುತ್ತದೆ. ಅದಕ್ಕಿಂತ ಕಡಿಮೆ ತೋರಿಸಿದರೂ ಶುಲ್ಕವನ್ನು ಆ ದರದ ಮೇಲೆಯೇ ಕಟ್ಟಬೇಕಾಗುತ್ತದೆ.

ಆಮೇಲೆ ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಮಾಡಿ ಲೆಕ್ಕ ಹಾಕು. ಸೈಟು 1,200 ಚದರಡಿ, ಅದು ಹಳೆಯದಾಗುವುದಿಲ್ಲ, ಕಟ್ಟಡ ಹಳೆಯದಾಗುತ್ತದೆ. ಇಟಾಲಿಯನ್ ಮಾರ್ಬಲ್ ನೋಡಿ ಮರುಳಾಗಬೇಡ. ಹೋಲಿಸುವುದಾದರೆ ಅದೇ ಬಡಾವಣೆ, ಅದೇ ಅಳತೆ, ಅಷ್ಟೇ ಅಗಲದ ರಸ್ತೆಯ ಮನೆಗಳನ್ನು ನೋಡು. ಮುಡಾ, ಅಂದರೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ, ಹಂಚಿದ ಸೈಟಿನ ಮನೆಯನ್ನು ಹಳೆಯ ಪಂಚಾಯಿತಿ ಖಾತೆಯ ಮನೆಯ ಪಕ್ಕದಲ್ಲಿಟ್ಟು ತೂಗಿದರೆ ತಕ್ಕಡಿಯೇ ಸುಳ್ಳು ಹೇಳುತ್ತದೆ. ನಲ್ಲಿಯಲ್ಲಿ ಕಾವೇರಿಯೋ ಕಬಿನಿಯೋ ಬರುತ್ತದೆಯೇ, ಬೋರ್‌ವೆಲ್ ಒಂದೇ ಗತಿಯೇ ಎಂಬುದನ್ನು ಬ್ರೋಕರನ್ನು ಕೇಳಬೇಡ, ಎದುರು ಮನೆಯ ಹೆಂಗಸರನ್ನು ಕೇಳು. ಸಾಲ ತೆಗೆಯುತ್ತೀರಲ್ಲ, ಬ್ಯಾಂಕಿನ ಮೌಲ್ಯಮಾಪಕರು ಬಂದಾಗ ಅಳಿಯಂದಿರು ಜೊತೆಯಲ್ಲೇ ನಿಂತು ಅವರು ಎಷ್ಟು ಹಾಕಿದರು ಎಂದು ಕೇಳಲಿ. ನೀವು ಒಪ್ಪಿದ ಬೆಲೆಗೂ ಅದಕ್ಕೂ ತುಂಬ ಅಂತರವಿದ್ದರೆ ನನಗೆ ಫೋನ್ ಮಾಡಿ.

ಕ್ರಯಪತ್ರದ ನಕಲು ಸಿಕ್ಕಿದರೆ ಎಲ್ಲ ಪುಟಗಳ ಫೋಟೋ ಕಳುಹಿಸು, ಆಸ್ತಿಯ ವಿವರವಿರುವ ಕಡೆಯ ಷೆಡ್ಯೂಲ್ ಪುಟವೂ ಸೇರಿ. ಈ ಗುಂಪಿಗಲ್ಲ, ನನಗೆ.