ಮನೆ ಮುಂದೆ ನೀರು ನಿಂತು ರಸ್ತೆ ಬದಿ ಕೆಸರುಗುಂಡಿ ಆಗಿದೆ, ಏನು ಹಾಕಿಸಲಿ?

ಹೊಂಗೆಮನೆ
ಮೂರು ಸಲ ಗರಸು ಹಾಕಿಸಿದೆ. ಮೂರು ಸಲವೂ ಕೆಸರಲ್ಲಿ ಇಳಿದುಹೋಯಿತು. ನಮ್ಮ ಕಾಂಪೌಂಡಿನ ಮುಂದೆ ಟಾರಿನ ಅಂಚಿನವರೆಗೆ ಐದಡಿ ಮಣ್ಣಿನ ಜಾಗ ಇದೆ. ಅರ್ಧ ಗಂಟೆ ಜೋರು ಮಳೆ ಬಂದರೆ ಅಲ್ಲಿ ಮೂರು ದಿನ ನೀರು. ನೀರಿನ ಟ್ಯಾಂಕರ್ ಗಾಲಿ ಇಳಿದ ಕಡೆ ಗೇಣುದ್ದ ಆಳ ಬಿದ್ದಿದೆ. ನಿನ್ನೆ ಅಮ್ಮ ಹಾಲು ತರಲು ಹೋಗಿ ಅಲ್ಲೇ ಜಾರಿದರು. ಏನೂ ಮುರಿದಿಲ್ಲ, ಪುಣ್ಯ. ನನಗೆ ಸಾಕಾಗಿದೆ. ಜಲ್ಲಿ ಹಾಕಿಸಲಾ, ಪೇವರ್ ಹಾಕಿಸಲಾ, ಕಾಂಕ್ರೀಟಾ? ಮಂಗಳವಾರ ಟ್ರ್ಯಾಕ್ಟರ್‌ನವನು ಬರುತ್ತಾನೆ. ಅಷ್ಟರೊಳಗೆ ಹೇಳಿ.

ಇಂಗುಗುಂಡಿ
ಏನೂ ಹಾಕಿಸಬೇಡಿ ಸರ್, ಗುಂಡಿ ತೋಡಿಸಿ. 3 ಅಡಿ ಉದ್ದ, 3 ಅಡಿ ಅಗಲ, 4 ಅಡಿ ಆಳ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ 40 ಎಂಎಂ ಜಲ್ಲಿ, ಮೇಲೆ ಮರಳು. ನಮ್ಮ ಬೀದಿಯಲ್ಲಿ ಆರು ಮನೆಯವರು ಮಾಡಿಸಿದ್ದೇವೆ. ಮಳೆ ನಿಂತ ಹತ್ತು ನಿಮಿಷಕ್ಕೆ ನೀರು ಇರುವುದಿಲ್ಲ.

ಲೆವೆಲ್‌ಪೈಪ್
ಊರು ಯಾವುದು? ಮಣ್ಣು ಯಾವುದು? ಗಟಾರ ಇದೆಯಾ? ಇದ್ದರೆ ಯಾವ ಕಡೆ?

ಹೊಂಗೆಮನೆ
ಧಾರವಾಡ. ಊರಿನ ಪೂರ್ವದ ಕಡೆ, ಎರೆ ಮಣ್ಣು. ಗಟಾರ ಇದೆ, ಕಾಂಪೌಂಡಿಗೆ ಹತ್ತಿಕೊಂಡೇ ಇದೆ. ಎರಡು ವರ್ಷದ ಹಿಂದೆ ಹೊಸದಾಗಿ ಕಟ್ಟಿದರು. ಆದರೆ ನೀರು ನಿಲ್ಲುವುದು ಗಟಾರದಲ್ಲಿ ಅಲ್ಲ, ಆಚೆ ಮಣ್ಣಿನ ಮೇಲೆ. ಅದಕ್ಕೇ ಬರೆಯಲಿಲ್ಲ.

ಲೆವೆಲ್‌ಪೈಪ್
ಅದನ್ನೇ ಮೊದಲು ಬರೆಯಬೇಕಿತ್ತು! ಗಟಾರ ಪಕ್ಕದಲ್ಲೇ ಇದ್ದೂ ನೀರು ಆಚೆ ನಿಲ್ಲುತ್ತದೆ ಅಂದರೆ ಒಳಗೆ ಹೋಗಲು ದಾರಿ ಇಲ್ಲ ಅಂತಲೇ ಅರ್ಥ.

ಇಂಗುಗುಂಡಿ
ಎರೆ ಮಣ್ಣಾದರೆ ಆರಡಿ ಆಳ ತೆಗೆಸಿ, ಇಂಗುತ್ತದೆ.

ಲೆವೆಲ್‌ಪೈಪ್
ಇಲ್ಲ ಸರ್. ಎರೆ ಮಣ್ಣು ಒದ್ದೆಯಾದರೆ ಉಬ್ಬಿ ಬಿಗಿದುಕೊಳ್ಳುತ್ತದೆ. ನೀರು ಇಳಿಯುವುದೇ ಇಲ್ಲ. ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿಮೀ ಮಳೆ ಬಿದ್ದರೆ ಒಂದು ಲೀಟರ್. 6 ಮೀಟರ್ ಅಗಲದ ರಸ್ತೆ, 60 ಮೀಟರ್ ಉದ್ದ ಹಿಡಿಯಿರಿ. 30 ಮಿಮೀ ಮಳೆಗೆ 10,800 ಲೀಟರ್. ನೀವು ಮೊದಲು ಹೇಳಿದ ಗುಂಡಿ ಖಾಲಿ ಇದ್ದರೇ ಸಾವಿರ ಲೀಟರ್ ಹಿಡಿಯುತ್ತದೆ. ಕಲ್ಲು ತುಂಬಿದ ಮೇಲೆ ನಾನೂರು. ಮಿಕ್ಕಿದ್ದು ಎಲ್ಲಿ ಹೋಗಬೇಕು?

ಇಂಗುಗುಂಡಿ
ರಸ್ತೆಯ ನೀರು ಪೂರ್ತಿ ಒಬ್ಬರ ಮನೆ ಮುಂದೆ ಬರುವುದಿಲ್ಲವಲ್ಲ. ಎಲ್ಲರೂ ಮಾಡಿಸಬೇಕು. ನೀರನ್ನು ಗಟಾರಕ್ಕೆ ಬಿಟ್ಟು ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವುದು ಸರಿಯಾ? ನಮ್ಮ ಮನೆಯಲ್ಲಿ 20 ಸಾವಿರ ಲೀಟರ್ ಸಂಪು ಇದೆ. ಚಾವಣಿ ನೀರಿಗೆ ಡ್ರಮ್ ಫಿಲ್ಟರ್ ನಾನೇ ಕೂತು ಮಾಡಿದ್ದು, ಜಲ್ಲಿ, ಇದ್ದಿಲು, ಮರಳು ಮೂರು ಪದರ. ಮೊನ್ನೆ ಜನವರಿ ತನಕ ನೀರು ಕೊಂಡಿಲ್ಲ.

ಕರಾವಳಿಯಕ್ಕ
ನಮ್ಮ ಮೂಡುಬಿದಿರೆ ಕಡೆ ವರ್ಷಕ್ಕೆ 4 ಸಾವಿರ ಮಿಮೀ ಹತ್ತಿರ ಮಳೆ. ಕೆಳಗೆ ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಕಲ್ಲು ಇರುವುದರಿಂದ ಇಂಗುತ್ತದೆ. ಮಾರ್ಗದ ಬದಿಗೆ ಲಾವಂಚ ನೆಟ್ಟಿದ್ದೇನೆ, ಬೇರು ಆಳಕ್ಕೆ ಹೋಗಿ ಮಣ್ಣು ಕದಲುವುದಿಲ್ಲ. ನೀವೂ ನೆಡಿ.

ಲೆವೆಲ್‌ಪೈಪ್
ಅಕ್ಕಾ, ಟ್ಯಾಂಕರ್ ಹತ್ತುವ ಜಾಗದಲ್ಲಿ ಯಾವ ಹುಲ್ಲೂ ಉಳಿಯುವುದಿಲ್ಲ.

ಬೈಕ್‌ಸವಾರ
ಕೆಲವರು ಗಾಡಿ ಹತ್ತದಿರಲಿ ಅಂತ ಅಂಚಿಗೆ ಸುಣ್ಣ ಬಳಿದ ಬಿಳಿ ಕಲ್ಲು ಇಡುತ್ತಾರೆ. ದಯವಿಟ್ಟು ಅದು ಬೇಡ. ರಾತ್ರಿ ನೀರು ನಿಂತಾಗ ಕಾಣುವುದಿಲ್ಲ. ನನ್ನ ತಮ್ಮ ಅಂಥ ಕಲ್ಲಿಗೆ ಹೊಡೆದು ಕಾಲರ್‌ಬೋನ್ ಮುರಿದುಕೊಂಡ.

ಇಂಗುಗುಂಡಿ
ಕಲ್ಲು ಇಡದಿದ್ದರೆ ಎಲ್ಲರೂ ಮನೆ ಮುಂದೆಯೇ ಗಾಡಿ ನಿಲ್ಲಿಸುತ್ತಾರೆ. ಇಟ್ಟವರ ಕಷ್ಟವೂ ನೋಡಬೇಕು.

ಬೈಕ್‌ಸವಾರ
ರಸ್ತೆ ಬದಿ ಯಾರ ಸ್ವಂತ ಜಾಗವೂ ಅಲ್ಲ ಸರ್.

ಲೆವೆಲ್‌ಪೈಪ್
ಅದಕ್ಕೆ ಬೇರೆ ಚರ್ಚೆ ಶುರುಮಾಡಿ. ಹೊಂಗೆಮನೆಯವರೇ, ಮೇಸ್ತ್ರಿ ಹತ್ತಿರ ಲೆವೆಲ್ ಪೈಪು ಇಸಿದುಕೊಳ್ಳಿ. ಅದು ಒಳಗಿನ ನೀರು ಕಾಣುವ ಪೈಪು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಗುಳ್ಳೆ ಇಲ್ಲದಂತೆ ನೀರು ತುಂಬಿ. ಒಂದು ತುದಿ ಟಾರಿನ ಅಂಚಿಗೆ, ಇನ್ನೊಂದು ಗಟಾರದ ಗೋಡೆ ತಲೆಗೆ. ಎಷ್ಟು ವ್ಯತ್ಯಾಸ ಬರುತ್ತದೆ ನೋಡಿ. ರಸ್ತೆ ಕಟ್ಟುವ ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಲ್ಲಿ ಮಣ್ಣಿನ ಅಂಚಿಗೆ ಕಡಿಮೆ ಅಂದರೂ ನೂರಕ್ಕೆ ಮೂರರ ಇಳಿಜಾರು ಬೇಕು. ನಿಮ್ಮ ಐದಡಿಗೆ ಎರಡಿಂಚು ಹತ್ತಿರ. ಗೋಡೆಯಲ್ಲಿ ಕಿಂಡಿ ಬಿಟ್ಟಿದ್ದಾರಾ ಅದನ್ನೂ ನೋಡಿ.

ಹೊಂಗೆಮನೆ
ಹಿಡಿದು ನೋಡಿದೆ. ಗೋಡೆ ತಲೆ ಟಾರಿಗಿಂತ ಮೂರಿಂಚು ಮೇಲಿದೆ! ಕಿಂಡಿ ಮಾತ್ರ ಎಲ್ಲೂ ಕಾಣಲಿಲ್ಲ. ಗಟಾರ ಕಟ್ಟಿದಾಗಿನ ಫೋಟೋ ಫೋನಲ್ಲಿತ್ತು, ಹುಡುಕಿದೆ. ಅದರಲ್ಲಿ ನಾಲ್ಕಿಂಚಿನ ಪೈಪಿನ ತುಂಡುಗಳು ಸಾಲಾಗಿ ಇವೆ. ನಮ್ಮ ಮನೆ ಮುಂದೆ ಎರಡು. ನಾನು ಹಾಕಿಸಿದ ಗರಸಿನ ಕೆಳಗೆ ಎರಡೂ ಮುಚ್ಚಿಹೋಗಿವೆ.

ಈಗ ಸಂಜೆ ಹಾರೆ ಹಿಡಿದು ತೆಗೆದೆ. ಎಂಟಿಂಚು ಕೆಳಗೆ ಪೈಪಿನ ಬಾಯಿ ಸಿಕ್ಕಿತು. ಒಳಗೆ ಗರಸು, ಹಾಲಿನ ಕವರು, ಹೊಂಗೆ ಎಲೆ ಗಟ್ಟಿಯಾಗಿ ಕೂತಿತ್ತು. ಕಬ್ಬಿಣದ ಸರಳು ಹಾಕಿ ತಿವಿದೆ. ಒಮ್ಮೆಲೇ ಗುಳುಗುಳು ಅಂತ ಸದ್ದು. ನಿಂತ ನೀರಿನ ಮೇಲಿದ್ದ ಎಲೆಗಳು ಒಂದೊಂದಾಗಿ ತಿರುಗುತ್ತಾ ಆ ಕಡೆ ಹೊರಟವು. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದರು.

ಲೆವೆಲ್‌ಪೈಪ್
ಬಹಳ ಖುಷಿಯಾಯಿತು! ಮಂಗಳವಾರದ ಟ್ರ್ಯಾಕ್ಟರ್ ಮುಂದಕ್ಕೆ ಹಾಕಿ. ಮೊದಲು ಕೆಸರು ಪೂರ್ತಿ ಎತ್ತಿಸಿ. ಒದ್ದೆ ಎರೆಯ ಮೇಲೆ ನೇರವಾಗಿ ಗರಸು ಹಾಕಿದರೆ ಅದು ಒಳಗೇ ಇಳಿಯುತ್ತದೆ, ನಿಮಗೆ ಮೂರು ಸಲ ಆಗಿದ್ದೂ ಅದೇ. ಮಧ್ಯೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದು ನೀರು ಬಿಟ್ಟು ಮಣ್ಣನ್ನು ತಡೆಯುತ್ತದೆ. ಆಮೇಲೆ ನಾಲ್ಕು ನಾಲ್ಕು ಇಂಚು ಗರಸು ಹಾಕಿ ದಮ್ಮಸ್ಸು ಹೊಡೆಸಿ. ಪೈಪಿನ ಬಾಯಿ ಎಲ್ಲಕ್ಕಿಂತ ತಗ್ಗಿನಲ್ಲಿ ಇರಬೇಕು, ಅದಕ್ಕೆ ಜಾಲರಿ ಬೇಕು.

ಹೊಂಗೆಮನೆ
ರಾತ್ರಿ ಮತ್ತೆ ಮಳೆ ಬಂತು. ಮಣ್ಣಿನ ಮೇಲೆ ನೀರು ನಿಲ್ಲಲಿಲ್ಲ. ಆದರೆ ಈಗ ಗಟಾರವೇ ಅಂಚಿನವರೆಗೆ ತುಂಬಿ ನಿಂತಿದೆ. ಮುಂದಿನ ಮನೆಯ ಕಾಕಾ ಕಾರಿಗೆ ರ‍್ಯಾಂಪ್ ಕಟ್ಟಿಸಿದ್ದಾರೆ. ಅದರ ಕೆಳಗೆ ಆರಿಂಚಿನ ಒಂದೇ ಪೈಪು, ಅದೂ ಕಟ್ಟಿಕೊಂಡಿದೆ. ಹಿರಿಯರು, ನಮ್ಮ ಅಪ್ಪನ ಸ್ನೇಹಿತರು. ರ‍್ಯಾಂಪ್ ಒಡೆಯಿರಿ ಅಂತ ಹೇಗೆ ಹೇಳಲಿ?

ಕರಾವಳಿಯಕ್ಕ
ಒಡೆಯುವ ಮಾತು ಈಗಲೇ ಎತ್ತಬೇಡಿ. ಭಾನುವಾರ ಇಬ್ಬರೂ ಸೇರಿ ಪೈಪು ತೆಗೆಸೋಣ ಅನ್ನಿ. ಖರ್ಚು ಅರ್ಧರ್ಧ.

ಇಂಗುಗುಂಡಿ
ಅವರ ಮನೆ ಮುಂದೆ ಇಂಗುಗುಂಡಿಗೆ ಜಾಗ ಇದೆಯಾ?